ತ್ಸೆತ್ಸೆ ನೊಣವನ್ನು ಓಡಿಸಬಹುದು, ಗಡಿ ಕಾಯುವವರು ಯಾರು?

2025ರ ಜನವರಿಯಲ್ಲಿ ಗಿನಿ, ಆಗಸ್ಟ್‌ನಲ್ಲಿ ಕೆನ್ಯಾ. ಈ ಎರಡು ದೇಶಗಳಲ್ಲಿ ನಿದ್ರಾ ರೋಗವು ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿ ಉಳಿದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಒಂದೇ ವರ್ಷದಲ್ಲಿ ಮಾನ್ಯ ಮಾಡಿತು. 1998ರಲ್ಲಿ ಆಫ್ರಿಕಾದಾದ್ಯಂತ ಸುಮಾರು 40 ಸಾವಿರ ರೋಗಿಗಳು ದಾಖಲಾಗಿದ್ದರು. 2018ರಿಂದ ಈಚೆಗೆ ಆ ಸಂಖ್ಯೆ ವರ್ಷಕ್ಕೆ ಸಾವಿರದೊಳಗೇ ಇದೆ. ವೈದ್ಯಕೀಯ ಇತಿಹಾಸದಲ್ಲಿ ಇಂಥ ಇಳಿಕೆ ಅಪರೂಪ, ಸಂಭ್ರಮಿಸಲು ಕಾರಣವೂ ಇದೆ.

ರೋಗ ಹಿಮ್ಮೆಟ್ಟಿತು ನಿಜ, ಆದರೆ ಅದನ್ನು ಹರಡುವ ತ್ಸೆತ್ಸೆ ನೊಣ ಎಲ್ಲಿಗೂ ಹೋಗಿಲ್ಲ. ಸಹಾರಾದ ದಕ್ಷಿಣಕ್ಕೆ ಮೂವತ್ತಕ್ಕೂ ಹೆಚ್ಚು ದೇಶಗಳಲ್ಲಿ, ಭಾರತದಂಥ ಮೂರು ದೇಶಗಳು ಹಿಡಿಸುವಷ್ಟು ನೆಲದಲ್ಲಿ ಅದು ಇಂದಿಗೂ ಇದೆ. ಮನುಷ್ಯರಲ್ಲಿ ನಿದ್ರಾ ರೋಗ ತರುವ ಪರಾವಲಂಬಿಯ ದಾಯಾದಿಗಳನ್ನು ದನಗಳ ರಕ್ತಕ್ಕೆ ಬಿಡುವ ಕೆಲಸವನ್ನು ಅದು ಎಂದಿನಂತೆ ನಡೆಸಿಕೊಂಡು ಬಂದಿದೆ. ಜಾನುವಾರುಗಳಿಗೆ ಬರುವ ಈ ಕಾಯಿಲೆಯ ಹೆಸರು ನಗಾನಾ. ವರ್ಷಕ್ಕೆ ಸುಮಾರು 30 ಲಕ್ಷ ದನಗಳು ಇದರಿಂದ ಸಾಯುತ್ತವೆ ಎಂಬ ಅಂದಾಜನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಹೆಸರಿನಲ್ಲಿ ಬಹಳ ವರ್ಷಗಳಿಂದ ಉಲ್ಲೇಖಿಸಲಾಗುತ್ತಿದೆ. ಇಂಥ ಅಂಕಿಗಳನ್ನು ಕರಾರುವಾಕ್ಕಾದ ಲೆಕ್ಕವೆಂದು ಓದಬಾರದು, ಹಾನಿಯ ಗಾತ್ರ ತಿಳಿಯಲು ಸಾಕು.

ಮನುಷ್ಯರ ರೋಗ ಇಳಿದು ದನಗಳ ರೋಗ ಉಳಿದದ್ದೇಕೆ? ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ನಿದ್ರಾ ರೋಗದ ಪರಾವಲಂಬಿ ಮುಖ್ಯವಾಗಿ ಮನುಷ್ಯರಲ್ಲೇ ಬದುಕುತ್ತದೆ. ಹಳ್ಳಿ ಹಳ್ಳಿಗೆ ಹೋಗಿ ರಕ್ತ ಪರೀಕ್ಷೆ ಮಾಡಿ, ಸೋಂಕಿತರನ್ನು ಹುಡುಕಿ ಗುಣಪಡಿಸಿದರೆ ನೊಣಕ್ಕೆ ಹೀರಲು ಸೋಂಕಿತ ರಕ್ತವೇ ಸಿಗುವುದಿಲ್ಲ. 2018ರಲ್ಲಿ ಫೆಕ್ಸಿನಿಡಜೋಲ್ ಎಂಬ ನುಂಗುವ ಮಾತ್ರೆಗೆ ಅನುಮೋದನೆ ದೊರೆತ ಮೇಲೆ ಈ ಕೆಲಸ ಇನ್ನಷ್ಟು ಹಗುರವಾಯಿತು. ನಗಾನಾದ ವಿಷಯದಲ್ಲಿ ಈ ದಾರಿ ಮುಚ್ಚಿದೆ. ಕಾಡೆಮ್ಮೆ, ಕಾಡುಹಂದಿ, ಕುಡು, ಬುಷ್‌ಬಕ್ ಮುಂತಾದ ವನ್ಯಮೃಗಗಳು ಅದೇ ಪರಾವಲಂಬಿಗಳನ್ನು ಹೊತ್ತು ಆರಾಮವಾಗಿ ಓಡಾಡಿಕೊಂಡಿವೆ. ಸಾವಿರಾರು ವರ್ಷಗಳ ಸಹವಾಸ ಅವುಗಳಿಗೆ ತಾಳಿಕೆಯನ್ನು ಕೊಟ್ಟಿದೆ. ಕಾಡೆಮ್ಮೆಯನ್ನು ಸಾಲಾಗಿ ನಿಲ್ಲಿಸಿ ರಕ್ತ ಪರೀಕ್ಷೆ ಮಾಡಲಾಗದು.

ನಗಾನಾ ಅಬ್ಬರದ ರೋಗವಲ್ಲ. ಕಾಲು ಬಾಯಿ ಜ್ವರದಂತೆ ಒಂದೇ ವಾರದಲ್ಲಿ ಇಡೀ ಕೊಟ್ಟಿಗೆ ಮಲಗುವುದಿಲ್ಲ. ಜ್ವರ ಬಂದು ಹೋಗುತ್ತದೆ, ಕೆಂಪು ರಕ್ತಕಣಗಳು ನಾಶವಾಗಿ ರಕ್ತಹೀನತೆ ಬಲಿಯುತ್ತದೆ, ಕೂದಲು ಒರಟಾಗುತ್ತದೆ, ಮೇವು ತಿಂದರೂ ಮೈ ಹಿಡಿಯುವುದಿಲ್ಲ. ಗಬ್ಬದ ಹಸು ಕಂದು ಹಾಕುತ್ತದೆ. ನೊಗಕ್ಕೆ ಕಟ್ಟಿದ ಎತ್ತು ಅರ್ಧ ಹೊಲ ಮುಗಿಯುವ ಮೊದಲೇ ನಿಲ್ಲುತ್ತದೆ. ಚಿಕಿತ್ಸೆಯಿಲ್ಲದಿದ್ದರೆ ತಿಂಗಳುಗಳ ಮೇಲೆ ಸಾವು. ಇದಕ್ಕೆ ಮುಖ್ಯ ಕಾರಣ ಟ್ರಿಪನೊಸೋಮಾ ಕುಲದ ಮೂರು ಏಕಕೋಶ ಜೀವಿಗಳು: ಕಾಂಗೊಲೆನ್ಸ್, ವೈವ್ಯಾಕ್ಸ್, ಬ್ರೂಸಿ. ಮೂರನೆಯದಕ್ಕೆ ಹೆಸರು ಬಂದದ್ದು ಬ್ರಿಟಿಷ್ ಸೇನಾ ವೈದ್ಯ ಡೇವಿಡ್ ಬ್ರೂಸ್ ಅವರಿಂದ. ಇಂದಿನ ದಕ್ಷಿಣ ಆಫ್ರಿಕಾದಲ್ಲಿರುವ ಜುಲುಲ್ಯಾಂಡ್‌ನ ಉಬೊಂಬೊ ಬೆಟ್ಟದ ಮೇಲೆ 1890ರ ದಶಕದ ಮಧ್ಯದಲ್ಲಿ ಅವರು ಕಾಯಿಲೆ ಬಿದ್ದ ದನಗಳ ರಕ್ತದಲ್ಲಿ ಈ ಜೀವಿಯನ್ನು ಕಂಡು, ಅದನ್ನು ಸಾಗಿಸುವುದು ತ್ಸೆತ್ಸೆ ನೊಣವೆಂದು ತೋರಿಸಿದರು.

ದನ ಸಾಯುವುದಕ್ಕಿಂತ ದೊಡ್ಡ ನಷ್ಟ, ದನವನ್ನೇ ಸಾಕಲಾಗದಿರುವುದು. ಇದು ಲೆಕ್ಕಪತ್ರದಲ್ಲಿ ಕಾಣುವುದಿಲ್ಲ. ನೊಣ ದಟ್ಟವಾಗಿರುವ ಸೀಮೆಯಲ್ಲಿ ಎತ್ತು ಇಲ್ಲ, ಎತ್ತಿಲ್ಲದಲ್ಲಿ ನೇಗಿಲಿಲ್ಲ, ಸೆಗಣಿ ಗೊಬ್ಬರವಿಲ್ಲ, ಗಾಡಿಯಿಲ್ಲ. ಉಳುಮೆಯೆಲ್ಲ ಗುದ್ದಲಿಯಲ್ಲಿ, ಹೊರೆಯೆಲ್ಲ ಮನುಷ್ಯರ ತಲೆಯ ಮೇಲೆ. ಇಥಿಯೋಪಿಯಾದಲ್ಲಿ ಇದು ಎದ್ದು ಕಾಣುತ್ತದೆ. ನೊಣ ಏರಲಾಗದ ತಂಪು ಎತ್ತರದಲ್ಲಿ ಎತ್ತು ಮತ್ತು ನೇಗಿಲಿನ ಬೇಸಾಯ ಶತಮಾನಗಳಿಂದ ನಡೆದಿದೆ, ಜನಸಂಖ್ಯೆ ಕಿಕ್ಕಿರಿದಿದೆ. ಕೆಳಗಿನ ನದಿ ಕಣಿವೆಗಳಲ್ಲಿ ನೆಲ ಫಲವತ್ತಾಗಿದ್ದರೂ ನೊಣದ ಭಯ. ಅರ್ಥಶಾಸ್ತ್ರಜ್ಞೆ ಮಾರ್ಸೆಲಾ ಅಲ್ಸಾನ್ 2015ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಈ ಎಳೆಯನ್ನು ಇನ್ನೂ ಹಿಂದಕ್ಕೆ ಒಯ್ದರು. ವಸಾಹತುಶಾಹಿಗೆ ಮೊದಲೇ ತ್ಸೆತ್ಸೆಗೆ ಅನುಕೂಲವಾದ ಹವೆಯಿದ್ದ ಪ್ರದೇಶಗಳಲ್ಲಿ ಸಾಕುಪ್ರಾಣಿ ಮತ್ತು ನೇಗಿಲಿನ ಬಳಕೆ ಕಡಿಮೆಯಿತ್ತು, ಜನವಸತಿ ವಿರಳವಾಗಿತ್ತು, ಕೇಂದ್ರೀಕೃತ ರಾಜ್ಯಗಳು ಕಟ್ಟಲ್ಪಡುವುದು ಅಪರೂಪವಾಗಿತ್ತು ಎಂಬುದು ಅವರ ವಾದ. ಒಂದು ಖಂಡದ ಇತಿಹಾಸವನ್ನು ಒಂದು ನೊಣದ ಹೆಗಲಿಗೆ ಹೊರಿಸುವುದು ನನಗೆ ಅತಿ ಅನ್ನಿಸುತ್ತದೆ. ಗುಲಾಮರ ವ್ಯಾಪಾರ ಮತ್ತು ವಸಾಹತು ಲೂಟಿಯ ಪಾಲನ್ನು ನೊಣದ ಖಾತೆಗೆ ಬರೆದುಬಿಡುವ ಅಪಾಯ ಅಲ್ಲಿದೆ. ಆದರೂ ಎತ್ತಿಲ್ಲದ ಬೇಸಾಯ ಎಂದರೇನು ಎಂಬುದು ಕನ್ನಡದ ರೈತನಿಗೆ ಬಿಡಿಸಿ ಹೇಳಬೇಕಾದ ವಿಷಯವಲ್ಲ.

ನೊಣದ ಕಡೆಗೆ ಬರೋಣ. ಕೀಟಗಳ ಲೋಕದಲ್ಲಿ ತ್ಸೆತ್ಸೆಯಷ್ಟು ನಿಧಾನವಾಗಿ ಸಂತಾನ ಬೆಳೆಸುವವು ತೀರ ಕಡಿಮೆ. ಮನೆನೊಣ ಒಂದೇ ಸಲಕ್ಕೆ ನೂರಕ್ಕೂ ಹೆಚ್ಚು ಮೊಟ್ಟೆ ಇಡುತ್ತದೆ. ತ್ಸೆತ್ಸೆ ಮೊಟ್ಟೆಯನ್ನೇ ಹೊರಗಿಡುವುದಿಲ್ಲ. ಒಂದು ಮರಿಯನ್ನು ಗರ್ಭದೊಳಗೇ ಇಟ್ಟುಕೊಂಡು, ಹಾಲಿನಂಥ ದ್ರವವನ್ನು ಉಣಿಸಿ, ಹೆಚ್ಚುಕಡಿಮೆ ತನ್ನಷ್ಟೇ ತೂಕಕ್ಕೆ ಬೆಳೆಸಿ, ಒಂಬತ್ತು ಹತ್ತು ದಿನಕ್ಕೊಂದರಂತೆ ಹೆರುತ್ತದೆ. ಹುಟ್ಟಿದ ಲಾರ್ವಾ ನೆರಳಿನ ಸಡಿಲ ಮಣ್ಣಿನೊಳಕ್ಕೆ ತೂರಿಕೊಂಡು ಕೋಶವಾಗುತ್ತದೆ, ಸುಮಾರು ಒಂದು ತಿಂಗಳ ಮೇಲೆ ನೊಣವಾಗಿ ಹೊರಬರುತ್ತದೆ. ಗಂಡೂ ಹೆಣ್ಣೂ ಎರಡೂ ಕಚ್ಚುತ್ತವೆ, ರಕ್ತ ಬಿಟ್ಟರೆ ಅವುಗಳಿಗೆ ಬೇರೆ ಆಹಾರವಿಲ್ಲ. ಹೆಣ್ಣು ಸಾಮಾನ್ಯವಾಗಿ ಜೀವನದಲ್ಲಿ ಒಂದೇ ಸಲ ಕೂಡುತ್ತದೆ.

ಸಂತಾನ ಇಷ್ಟು ಕಡಿಮೆಯಿರುವಲ್ಲಿ ಸಾವು ತುಸು ಹೆಚ್ಚಿದರೂ ಸಾಕು. ಹೊರಗಿನಿಂದ ನೊಣ ಬಾರದ ಸೀಮೆಯಲ್ಲಿ ಹೆಣ್ಣು ನೊಣಗಳ ಸಹಜ ಸಾವಿನ ಮೇಲೆ ದಿನಕ್ಕೆ ಶೇಕಡ 4ರಷ್ಟನ್ನು ಹೆಚ್ಚುವರಿಯಾಗಿ ಕೊಲ್ಲುತ್ತ ಹೋದರೆ ಆ ಸಂತತಿ ಅಳಿದುಹೋಗುತ್ತದೆ ಎಂಬುದು ಈ ಕ್ಷೇತ್ರದಲ್ಲಿ ಒಪ್ಪಿತವಾದ ಲೆಕ್ಕ. ಸೊಳ್ಳೆಯ ವಿರುದ್ಧ ಹೋರಾಡುವವರಿಗೆ ಇದು ಕನಸಿನಲ್ಲೂ ಸಿಗದ ಅನುಕೂಲ. ಹಾಗಿದ್ದೂ ನೊಣ ಉಳಿದಿದೆಯೆಂದರೆ, ‘ಹೊರಗಿನಿಂದ ನೊಣ ಬಾರದ ಸೀಮೆಯಲ್ಲಿ’ ಎಂಬ ಷರತ್ತಿನಲ್ಲೇ ಎಲ್ಲ ಅಡಗಿದೆ.

ಅಟ್ಲಾಂಟಿಕ್‌ನ ಪುಟ್ಟ ದ್ವೀಪ ಪ್ರಿನ್ಸಿಪೆಯಲ್ಲಿ ನಡೆದದ್ದನ್ನು ನೋಡಿ. ಪೋರ್ಚುಗೀಸರ ಕೋಕೊ ತೋಟಗಳಲ್ಲಿ ನಿದ್ರಾ ರೋಗ ಕೂಲಿಗಳನ್ನು ನುಂಗುತ್ತಿತ್ತು. 1911ರಿಂದ 1914ರವರೆಗೆ ಅಲ್ಲಿ ಜೌಗು ಬಸಿದರು, ಪೊದೆ ಕಡಿದರು, ಕಾಡುಹಂದಿಗಳನ್ನು ಕೊಂದರು. ಎಲ್ಲಕ್ಕಿಂತ ವಿಚಿತ್ರವಾದ ಉಪಾಯವೆಂದರೆ ಕೂಲಿಗಳ ಬೆನ್ನಿಗೆ ಅಂಟು ಬಳಿದ ಕಪ್ಪು ಬಟ್ಟೆ ಕಟ್ಟಿ ತೋಟದಲ್ಲಿ ಓಡಾಡಿಸಿದ್ದು. ಕಪ್ಪು ಬಣ್ಣಕ್ಕೆ ಸೆಳೆತಗೊಂಡ ನೊಣಗಳು ಲಕ್ಷಗಟ್ಟಲೆ ಬಂದು ಅಂಟಿಕೊಂಡವು. 1914ರ ಹೊತ್ತಿಗೆ ದ್ವೀಪದಲ್ಲಿ ನೊಣ ಇಲ್ಲವಾಯಿತು. ಈ ಗೆಲುವನ್ನು ಬಣ್ಣಿಸುವವರು ಮರೆಯುವ ಒಂದು ಮಾತಿದೆ: ಗುಲಾಮಗಿರಿಗೆ ಹತ್ತಿರವಾದ ದುಡಿಮೆಯಲ್ಲಿದ್ದ ಆ ಕೂಲಿಗಳ ಬೆನ್ನೇ ಅಲ್ಲಿ ಗಾಳದ ಎರೆಯಾಗಿತ್ತು. ಇರಲಿ. ನಾಲ್ಕು ದಶಕ ಕಳೆದು 1956ರಲ್ಲಿ ನೊಣ ಮತ್ತೆ ಕಾಣಿಸಿಕೊಂಡಿತು, ಪಕ್ಕದ ಬಿಯೊಕೊ ದ್ವೀಪದಿಂದ ಬಂದಿರಬೇಕು. ಮತ್ತೆ ಎರಡು ವರ್ಷ ಹೋರಾಡಿ ಓಡಿಸಬೇಕಾಯಿತು. ಸುತ್ತ ಸಮುದ್ರವಿದ್ದರೂ ಗಡಿ ಸೋರಿತ್ತು.

ಜುಲುಲ್ಯಾಂಡ್‌ನಲ್ಲಿ ಸಮುದ್ರದ ಬೇಲಿಯೂ ಇರಲಿಲ್ಲ. ನೊಣಕ್ಕೆ ಆಹಾರವಾಗುವ ಮೃಗಗಳೇ ಇಲ್ಲದಿದ್ದರೆ ನೊಣ ಸಾಯುತ್ತದೆಂಬ ತರ್ಕದಲ್ಲಿ 1940ರ ದಶಕದಲ್ಲಿ ಅಲ್ಲಿ ಒಂದು ಲಕ್ಷಕ್ಕೂ ಹೆಚ್ಚು ವನ್ಯಮೃಗಗಳನ್ನು ಗುಂಡಿಟ್ಟು ಕೊಂದರು. ಅದು ಸಾಲದೆ ವಿಮಾನಗಳಿಂದ ಡಿಡಿಟಿ ಸುರಿದರು. 1950ರ ದಶಕದ ನಡುವಿನ ಹೊತ್ತಿಗೆ ಮುಖ್ಯ ಜಾತಿಯ ನೊಣ ಮಾಯವಾಯಿತು. 1990ರಲ್ಲಿ ಅದೇ ಪ್ರಾಂತ್ಯದಲ್ಲಿ ನಗಾನಾ ಮರಳಿ ಬಂತು. ಈ ಸಲ ತಂದದ್ದು ಅಂದು ಲೆಕ್ಕಕ್ಕೇ ತೆಗೆದುಕೊಳ್ಳದ ಇನ್ನೆರಡು ಜಾತಿಯ ತ್ಸೆತ್ಸೆಗಳು. ಇಷ್ಟು ರಕ್ತ ಹರಿಸಿ ಇಷ್ಟು ಕಡಿಮೆ ಕಲಿತ ಕಾರ್ಯಾಚರಣೆ ಇನ್ನೊಂದು ಸಿಗುವುದು ಕಷ್ಟ.

ನಿಜವಾಗಿ ಗೆದ್ದ ಉದಾಹರಣೆ ಜಾಂಜಿಬಾರ್‌ನ ಉಂಗುಜಾ ದ್ವೀಪ. ಮೊದಲು ದನಗಳ ಬೆನ್ನಿಗೆ ಕೀಟನಾಶಕ ಸುರಿದು, ಅಲ್ಲಲ್ಲಿ ವಿಷ ಬಳಿದ ಪರದೆ ನೆಟ್ಟು ನೊಣಗಳ ಸಂಖ್ಯೆ ತಗ್ಗಿಸಿದರು. ಬಳಿಕ ತಾಂಜಾನಿಯಾದ ಟಾಂಗಾ ಊರಿನ ಪ್ರಯೋಗಾಲಯದಲ್ಲಿ ಸಾಕಿದ ಗಂಡು ನೊಣಗಳನ್ನು ವಿಕಿರಣದಿಂದ ಬಂಜೆಯಾಗಿಸಿ, 1994ರಿಂದ 1997ರ ನಡುವೆ 80 ಲಕ್ಷಕ್ಕೂ ಹೆಚ್ಚನ್ನು ವಿಮಾನದಿಂದ ಹಾರಬಿಟ್ಟರು. ಹೆಣ್ಣು ಒಂದೇ ಸಲ ಕೂಡುವುದರಿಂದ, ಬಂಜೆ ಗಂಡಿನ ಜೊತೆ ಕೂಡಿದರೆ ಅಲ್ಲಿಗೆ ಅದರ ವಂಶ ಮುಗಿಯಿತು. 1996ರ ನಂತರ ಅಲ್ಲಿ ಒಂದೂ ಕಾಡು ನೊಣ ಸಿಕ್ಕಿಲ್ಲ. ಬೋಟ್ಸ್ವಾನಾದ ಒಕವಾಂಗೊ ಮುಖಜಭೂಮಿಯಲ್ಲಿ 2001 ಮತ್ತು 2002ರಲ್ಲಿ ಸುಮಾರು 16 ಸಾವಿರ ಚದರ ಕಿಲೋಮೀಟರ್ ಮೇಲೆ ವಿಮಾನದಿಂದ ಡೆಲ್ಟಾಮೆಥ್ರಿನ್ ಎಂಬ ಕೀಟನಾಶಕವನ್ನು ಸಣ್ಣ ಪ್ರಮಾಣದಲ್ಲಿ ಸುತ್ತು ಸುತ್ತಾಗಿ ಸಿಂಪಡಿಸಿ ನೊಣವನ್ನು ನಿರ್ಮೂಲಗೊಳಿಸಲಾಯಿತು. ಒಂದು ದ್ವೀಪ, ಇನ್ನೊಂದು ಮರಳುಗಾಡಿನ ನಡುವಿನ ಹಸಿರು ತುಂಡು. ಎರಡಕ್ಕೂ ಪ್ರಕೃತಿಯೇ ಬೇಲಿ ಹಾಕಿಕೊಟ್ಟಿತ್ತು.

ಜಾಂಜಿಬಾರ್ ಗೆಲುವಿನ ಹುಮ್ಮಸ್ಸಿನಲ್ಲಿ 2000ದ ಜುಲೈನಲ್ಲಿ ಟೋಗೊದ ರಾಜಧಾನಿ ಲೊಮೆಯಲ್ಲಿ ಸೇರಿದ ಆಫ್ರಿಕಾದ ನಾಯಕರು ಇಡೀ ಖಂಡದಿಂದ ತ್ಸೆತ್ಸೆಯನ್ನು ನಿರ್ಮೂಲ ಮಾಡುವ ಸಂಕಲ್ಪ ತೊಟ್ಟರು. ಪ್ಯಾಟೆಕ್ ಎಂಬ ಆಂದೋಲನ ಹುಟ್ಟಿದ್ದು ಹೀಗೆ. ಕಾಲು ಶತಮಾನದ ಮೇಲೆ ನೋಡಿದರೆ ಅಲ್ಲಲ್ಲಿ ಒಳ್ಳೆಯ ಕೆಲಸವಾಗಿದೆ. ಸೆನೆಗಲ್‌ನ ಡಕಾರ್ ಬಳಿಯ ನಿಯಾಯ್ ಪ್ರದೇಶದಲ್ಲಿ ಬಂಜೆ ನೊಣಗಳ ಬಳಕೆಯಿಂದ ತ್ಸೆತ್ಸೆ ಬಹುಪಾಲು ಇಲ್ಲವಾಗಿ, ಹೆಚ್ಚು ಹಾಲಿನ ತಳಿಗಳನ್ನು ತರುವ ಧೈರ್ಯ ಸಾಕಣೆದಾರರಿಗೆ ಬಂದಿದೆ. ಅಲ್ಲಿಯೂ ಗೆಲುವಿನ ಗುಟ್ಟು, ಆ ನೊಣಸಂತತಿ ಉಳಿದ ನೊಣಸೀಮೆಯಿಂದ ಕಡಿದುಕೊಂಡು ಒಂಟಿಯಾಗಿದ್ದದ್ದು. ಕಾಂಗೊ, ತಾಂಜಾನಿಯಾ, ಜಾಂಬಿಯಾಗಳ ಕಾಡು ಅಂಥದ್ದಲ್ಲ. ಅಲ್ಲಿ ಒಂದು ಜಿಲ್ಲೆಯನ್ನು ತೆರವುಗೊಳಿಸಿದರೆ ಪಕ್ಕದ ಜಿಲ್ಲೆಯಿಂದ ನೊಣ ತುಂಬಿಕೊಳ್ಳುತ್ತದೆ. ಅನುದಾನ ಐದು ವರ್ಷಕ್ಕೆ ಮುಗಿಯುತ್ತದೆ, ಗಡಿ ಮುಗಿಯುವುದಿಲ್ಲ.

ಹಾಗಾಗಿ ಹೊರೆ ಬಿದ್ದಿರುವುದು ದನ ಸಾಕುವವನ ಜೇಬಿನ ಮೇಲೆ. ಅವನಿಗೆ ಸಿಗುವುದು ಡಿಮಿನಜಿನ್, ಐಸೊಮೆಟಾಮಿಡಿಯಂ, ಹೊಮಿಡಿಯಂ ಎಂಬ ಮೂರು ಚುಚ್ಚುಮದ್ದುಗಳು. ಮೂರೂ ಅರುವತ್ತು ವರ್ಷಕ್ಕಿಂತ ಹಳೆಯವು. ಬಡ ದನಗಾಹಿಗಳ ಮಾರುಕಟ್ಟೆಗಾಗಿ ಹೊಸ ಔಷಧ ಹುಡುಕುವ ಆತುರ ಕಂಪನಿಗಳಿಗೆ ಇರಲಿಲ್ಲ. ಪಶುವೈದ್ಯರು ದೂರ, ನೀರಿಗೆ ಕಲಸಿ ಚುಚ್ಚುವ ಔಷಧದ ಪುಡಿ ಸಂತೆಯಲ್ಲಿ ಅಗ್ಗ. ನೀರಿನ ಅಳತೆ ತಪ್ಪುತ್ತದೆ, ಒಂದು ಪೊಟ್ಟಣವನ್ನು ಎರಡು ದನಕ್ಕೆ ಹಂಚುತ್ತಾರೆ, ಪೊಟ್ಟಣದೊಳಗಿನದ್ದೇ ಕಲಬೆರಕೆಯಾಗಿರುವುದೂ ಉಂಟು. ಅರೆ ಪ್ರಮಾಣದ ಔಷಧದಿಂದ ಬದುಕುಳಿದ ಪರಾವಲಂಬಿ ಮುಂದಿನ ಸಲಕ್ಕೆ ಗಟ್ಟಿಯಾಗುತ್ತದೆ. ಔಷಧ ನಿರೋಧಕತೆ ಈಗ ಆಫ್ರಿಕಾದ ಹಲವು ದೇಶಗಳಿಂದ ವರದಿಯಾಗಿದೆ. ಇದಕ್ಕೆ ರೈತನ ಅಜ್ಞಾನವನ್ನು ದೂರುವ ವರದಿಗಳು ನನಗೆ ಒಪ್ಪಿಗೆಯಾಗುವುದಿಲ್ಲ. ಎರಡು ದನಕ್ಕೆ ಒಂದು ಪೊಟ್ಟಣದ ದುಡ್ಡು ಮಾತ್ರ ಇರುವವನು ಮಾಡುವ ಲೆಕ್ಕ ಅದು.

ಲಸಿಕೆಯ ಮಾತು? ಪರಾವಲಂಬಿಯ ಮೈಮೇಲೆ ಒಂದು ಪ್ರೋಟೀನ್ ಹೊದಿಕೆಯಿದೆ. ದನದ ದೇಹ ಅದನ್ನು ಗುರುತಿಸಿ ದಾಳಿ ಮಾಡುವಷ್ಟರಲ್ಲಿ ಕೆಲವು ಜೀವಿಗಳು ಬೇರೆ ಹೊದಿಕೆ ಹೊದ್ದಿರುತ್ತವೆ. ಇಂಥ ಹೊದಿಕೆಗಳ ನಮೂನೆ ಅದರ ವಂಶವಾಹಿಗಳಲ್ಲಿ ನೂರಾರು. 1973ರಲ್ಲಿ ನೈರೋಬಿಯಲ್ಲಿ ಅಂತರರಾಷ್ಟ್ರೀಯ ಸಂಶೋಧನಾಲಯ ಸ್ಥಾಪನೆಯಾದಾಗ ಅದರ ಗುರಿಗಳಲ್ಲಿ ಈ ರೋಗಕ್ಕೆ ಲಸಿಕೆ ಕಂಡುಹಿಡಿಯುವುದೂ ಒಂದಾಗಿತ್ತು. 2021ರಲ್ಲಿ ವೈವ್ಯಾಕ್ಸ್ ಜಾತಿಯ ಬದಲಾಗದ ಒಂದು ಪ್ರೋಟೀನ್ ಇಲಿಗಳಿಗೆ ರಕ್ಷಣೆ ನೀಡಿದ್ದು ಸುದ್ದಿಯಾಯಿತು. ಇಲಿಯಿಂದ ಎತ್ತಿನವರೆಗಿನ ದಾರಿ ದೊಡ್ಡದು. ದೊಡ್ಡರೋಗವೆಂಬ (ರಿಂಡರ್‌ಪೆಸ್ಟ್) ದನಗಳ ಪಿಡುಗನ್ನು ಲಸಿಕೆಯ ಬಲದಿಂದ 2011ರಲ್ಲಿ ಭೂಮಿಯಿಂದಲೇ ಅಳಿಸಿದ ಪಶುವೈದ್ಯ ಲೋಕಕ್ಕೆ ನಗಾನಾ ಮುಂದೆ ಆ ಆಯುಧ ಇಲ್ಲ.

ಪರಾವಲಂಬಿ ಆಫ್ರಿಕಾದ ಆಚೆಗೂ ನಡೆದಿದೆ, ನಮ್ಮ ಊರಿನ ಕೊಟ್ಟಿಗೆಗೂ ಬಂದಿದೆ. ಬ್ರೂಸಿ ಜಾತಿಯಿಂದ ಕವಲೊಡೆದ ಇವಾನ್ಸಿ ಎಂಬುದು ತ್ಸೆತ್ಸೆಯ ಹೊಟ್ಟೆಯಲ್ಲಿ ಬೆಳೆಯುವ ಶಕ್ತಿಯನ್ನೇ ಕಳೆದುಕೊಂಡು, ಕುದುರೆ ನೊಣಗಳ ಬಾಯಿಗೆ ಹತ್ತಿದ ರಕ್ತದ ಮೂಲಕ ಪ್ರಾಣಿಯಿಂದ ಪ್ರಾಣಿಗೆ ದಾಟುವುದನ್ನು ರೂಢಿಸಿಕೊಂಡಿತು. ಅದು ತರುವ ಕಾಯಿಲೆಯೇ ಸರ್ರಾ. ರೋಗ ತರುವ ಟ್ರಿಪನೊಸೋಮಾ ಮೊದಲು ಪತ್ತೆಯಾದದ್ದೂ ಆಫ್ರಿಕಾದಲ್ಲಲ್ಲ. ಬ್ರೂಸ್‌ಗಿಂತ ಮೊದಲೇ, 1880ರಲ್ಲಿ, ಅಂದಿನ ಪಂಜಾಬಿನ ಡೇರಾ ಇಸ್ಮಾಯಿಲ್ ಖಾನ್‌ನಲ್ಲಿ ಗ್ರಿಫಿತ್ ಇವಾನ್ಸ್ ಎಂಬ ಪಶುವೈದ್ಯರು ಕುದುರೆ ಮತ್ತು ಒಂಟೆಗಳ ರಕ್ತದಲ್ಲಿ ಇದನ್ನು ಕಂಡಿದ್ದರು. ಕರ್ನಾಟಕದಲ್ಲಿ ಎಮ್ಮೆ, ದನ, ಕುದುರೆ, ನಾಯಿಗಳಲ್ಲಿ ಸರ್ರಾ ಕಾಣಿಸುತ್ತದೆ, ಬೆಂಗಳೂರಿನ ಯಲಹಂಕದಲ್ಲಿರುವ ರಾಷ್ಟ್ರೀಯ ಪಶುರೋಗ ಸಂಶೋಧನಾ ಸಂಸ್ಥೆ ನಿವೇದಿ ಇದರ ಪತ್ತೆ ವಿಧಾನಗಳ ಮೇಲೆ ಕೆಲಸ ಮಾಡುತ್ತಿದೆ. ಮನುಷ್ಯರ ರಕ್ತದಲ್ಲಿ ಇಂಥ ಜೀವಿಗಳನ್ನು ಕೊಲ್ಲುವ ಎಪಿಒಎಲ್1 ಎಂಬ ಪ್ರೋಟೀನ್ ಇರುವುದರಿಂದ ನಮಗೆ ಸಾಮಾನ್ಯವಾಗಿ ಸರ್ರಾ ಬರುವುದಿಲ್ಲ. 2004ರಲ್ಲಿ ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ರೈತರೊಬ್ಬರಿಗೆ ಅದು ತಗುಲಿದಾಗ ಪರೀಕ್ಷಿಸಿ ನೋಡಿದರೆ ಅವರ ರಕ್ತದಲ್ಲಿ ಆ ಪ್ರೋಟೀನೇ ಇರಲಿಲ್ಲ. ವೈವ್ಯಾಕ್ಸ್ ಕೂಡ ದನಗಳ ಸಾಗಾಟದಲ್ಲಿ ದಕ್ಷಿಣ ಅಮೆರಿಕ ತಲುಪಿ, ತ್ಸೆತ್ಸೆಯಿಲ್ಲದ ಬ್ರೆಜಿಲ್‌ನಲ್ಲಿ ಬೇರೆ ನೊಣಗಳ ಮೇಲೆ ಸವಾರಿ ಮಾಡುತ್ತಿದೆ.

ಮತ್ತೆ ಆಫ್ರಿಕಾಕ್ಕೆ. ಔಷಧವನ್ನು ಒಬ್ಬ ರೈತ ಕೊಂಡರೆ ಲಾಭ ಅವನೊಬ್ಬನ ದನಕ್ಕೆ. ನೊಣವನ್ನು ಒಬ್ಬ ಕೊಂದರೆ ಲಾಭ ಊರಿಗೆಲ್ಲ, ಖರ್ಚು ಅವನಿಗೆ. ಎಲ್ಲರೂ ನೀರು ಬಳಸುವ ಕೆರೆಯ ಹೂಳನ್ನು ಎತ್ತಲು ಯಾರೂ ಮುಂದೆ ಬಾರದ ನಮ್ಮೂರಿನ ಪಾಡೇ ಇದು. ಹೀಗಾಗಿ ಊರಿನ ಜನ ತಾವಾಗಿ ಮಾಡುವಷ್ಟು ಅಗ್ಗವಾದ, ತಕ್ಷಣ ಲಾಭ ಕಾಣುವ ವಿಧಾನಗಳೇ ನನ್ನ ಮಟ್ಟಿಗೆ ಹೆಚ್ಚು ಭರವಸೆಯವು. ಹುಲ್ಲುಗಾಡಿನ ತ್ಸೆತ್ಸೆ ಕಚ್ಚುವುದು ಹೆಚ್ಚಾಗಿ ದೊಡ್ಡ ದನಗಳ ಕಾಲು ಮತ್ತು ಹೊಟ್ಟೆಗೆ ಎಂಬುದು ಗೊತ್ತಾದ ಮೇಲೆ ಇಡೀ ಮೈಗೆ ಕೀಟನಾಶಕ ಸುರಿಯುವುದನ್ನು ಬಿಟ್ಟು ಅಷ್ಟಕ್ಕೇ ಸಿಂಪಡಿಸುವ ರೂಢಿ ಬಂತು. ಐದನೇ ಒಂದು ಪಾಲು ಔಷಧ ಸಾಕು, ಸೆಗಣಿ ಹುಳುಗಳೂ ಬದುಕಿಕೊಳ್ಳುತ್ತವೆ. ನೈರೋಬಿಯ ಇಸಿಪೆ ಎಂಬ ಕೀಟ ಸಂಶೋಧನಾ ಸಂಸ್ಥೆಯವರು ಇನ್ನೊಂದು ದಿಕ್ಕಿನಲ್ಲಿ ನೋಡಿದರು. ನೊಣ ತುಂಬಿದ ಬಯಲಿನಲ್ಲೇ ಮೇಯುವ ವಾಟರ್‌ಬಕ್ ಎಂಬ ಜಿಂಕೆಯಂಥ ಪ್ರಾಣಿಯನ್ನು ತ್ಸೆತ್ಸೆ ಮುಟ್ಟುವುದಿಲ್ಲ, ಅದರ ಮೈವಾಸನೆ ನೊಣಕ್ಕೆ ಹಿಡಿಸದು. ಆ ವಾಸನೆಯ ರಾಸಾಯನಿಕಗಳನ್ನು ಬೇರ್ಪಡಿಸಿ, ಕೊರಳಪಟ್ಟಿಯಲ್ಲಿ ತುಂಬಿ, ಕೆನ್ಯಾದ ಶಿಂಬಾ ಹಿಲ್ಸ್ ಬಳಿಯ ದನಗಳಿಗೆ ಕಟ್ಟಿದಾಗ ಸೋಂಕು ಶೇಕಡ 80ಕ್ಕಿಂತ ಹೆಚ್ಚು ತಗ್ಗಿತು. ದುಡ್ಡು ಕೊಟ್ಟವನ ದನಕ್ಕೇ ಲಾಭ ಸಿಗುವ ಉಪಾಯ ಇದು. ಪಶ್ಚಿಮ ಆಫ್ರಿಕಾದ ಎನ್‌ದಾಮ ತಳಿಯ ಪುಟ್ಟ ದನಗಳಂತೂ ಸೋಂಕು ತಗುಲಿದರೂ ತಡೆದುಕೊಳ್ಳುತ್ತವೆ. ಆದರೆ ಹಾಲು ಕಡಿಮೆ, ಮೈಕಟ್ಟು ಸಣ್ಣದು, ಆದ್ದರಿಂದ ಬೆನ್ನ ಮೇಲೆ ಡುಬ್ಬ ಇರುವ ಜೆಬು ದನಗಳ ಜೊತೆ ಬೆರಕೆ ಮಾಡುವ ಆಸೆ ಜನರಿಗೆ. ಆ ಬೆರಕೆಯಲ್ಲಿ ತಾಳಿಕೆ ತೆಳುವಾಗುತ್ತ ಹೋಗುತ್ತದೆ.

ಬಿಸಿಲೂ ಈಗ ಲೆಕ್ಕ ಬದಲಿಸುತ್ತಿದೆ. ಜಿಂಬಾಬ್ವೆಯ ಜಾಂಬೆಜಿ ಕಣಿವೆಯ ರೆಕೊಮಿಚಿ ಸಂಶೋಧನಾ ಕೇಂದ್ರದಲ್ಲಿ 1990ರಲ್ಲಿ ಒಂದು ದನದ ಮೇಲೆ ಒಂದು ಮಧ್ಯಾಹ್ನಕ್ಕೆ ಐವತ್ತಕ್ಕಿಂತ ಹೆಚ್ಚು ನೊಣ ಹಿಡಿಯುತ್ತಿದ್ದರು. 2017ರ ಹೊತ್ತಿಗೆ ಹತ್ತು ದನಗಳಿಗೆ ಒಂದು ನೊಣವೂ ಕಷ್ಟ. ಅಲ್ಲಿ ಯಾರೂ ವಿಷ ಸಿಂಪಡಿಸಿರಲಿಲ್ಲ, ಏರಿದ ತಾಪವೇ ನೊಣವನ್ನು ಕೊಂದಿತ್ತು. ಹವಾಮಾನ ಬದಲಾವಣೆಯ ಒಂದು ಒಳ್ಳೆಯ ಫಲ ಎಂದು ಯಾರಾದರೂ ಹಿಗ್ಗುವ ಮೊದಲು ಹೇಳಬೇಕು: ಅದೇ ತಾಪ, ಇದುವರೆಗೆ ಚಳಿಯಿಂದ ಸುರಕ್ಷಿತವಾಗಿದ್ದ ಎತ್ತರದ ಪ್ರದೇಶಗಳ ಬಾಗಿಲನ್ನು ನೊಣಕ್ಕೆ ತೆರೆಯಬಲ್ಲದು. ಎತ್ತರದಲ್ಲಿ ದನಗಳು ಹೆಚ್ಚು, ಅವುಗಳಿಗೆ ರೋಗದ ಪರಿಚಯ ಕಡಿಮೆ.

ಈ ಎಲ್ಲದರ ನಡುವೆ ಮನುಷ್ಯರ ರೋಗದ ಯಶಸ್ಸು ಒಂದು ಬಿರುಕನ್ನು ಮರೆಮಾಡಿದೆ. ಪೂರ್ವ ಆಫ್ರಿಕಾದ ನಿದ್ರಾ ರೋಗ ಪಶ್ಚಿಮದ್ದರಂತಲ್ಲ, ಅದು ದನಗಳಲ್ಲೂ ಅಡಗಿರುತ್ತದೆ. ಉಗಾಂಡದ ಸೊರೊಟಿಯಲ್ಲಿ 1998ರಲ್ಲಿ ಅದು ಹೊಸದಾಗಿ ಸ್ಫೋಟಿಸಿದಾಗ ಜಾಡು ಹಿಡಿದವರು ತಲುಪಿದ್ದು ದನದ ಸಂತೆಗೆ. ಘರ್ಷಣೆಗಳಲ್ಲಿ ದನ ಕಳೆದುಕೊಂಡ ಜನ ಸೋಂಕಿದ್ದ ಜಿಲ್ಲೆಗಳಿಂದ ದನ ಕೊಂಡು ತಂದಿದ್ದರು, ರೋಗ ಹಗ್ಗದ ತುದಿಯಲ್ಲಿ ನಡೆದು ಬಂದಿತ್ತು. 2006ರಲ್ಲಿ ಅಲ್ಲಿನ ದನಗಳಿಗೆ ಸಾಮೂಹಿಕವಾಗಿ ಚುಚ್ಚುಮದ್ದು ಕೊಟ್ಟು, ಕಾಲಿಗೆ ಕೀಟನಾಶಕ ಸಿಂಪಡಿಸುವ ಕಾರ್ಯಕ್ರಮ ಶುರುವಾಯಿತು. ಎಂದರೆ ಮನುಷ್ಯರನ್ನು ಉಳಿಸಲು ದನಕ್ಕೆ ಔಷಧ ಕೊಡಬೇಕು. 2030ರ ಹೊತ್ತಿಗೆ ಪಶ್ಚಿಮದ ನಿದ್ರಾ ರೋಗದ ಹರಡುವಿಕೆಯನ್ನೇ ನಿಲ್ಲಿಸುವ ಗುರಿ ವಿಶ್ವ ಆರೋಗ್ಯ ಸಂಸ್ಥೆಗಿದೆ, ಪೂರ್ವದ ರೋಗಕ್ಕೆ ಅಷ್ಟು ದೊಡ್ಡ ಗುರಿಯನ್ನು ಅದು ಇಟ್ಟುಕೊಂಡಿಲ್ಲ. ದನದ ಚುಚ್ಚುಮದ್ದಿನ ಖರ್ಚು ಆರೋಗ್ಯ ಇಲಾಖೆಯದೋ ಪಶುಸಂಗೋಪನೆಯದೋ ಎಂಬುದು ತೀರ್ಮಾನವಾಗದೆ ಆ ಗುರಿ ಎತ್ತರವಾಗುವುದೂ ಕಷ್ಟ. ರೋಗಿಗಳ ಸಂಖ್ಯೆ ಇಳಿದಂತೆ ಮೊದಲು ಕಡಿತವಾಗುವುದು ಸಂತೆಯಲ್ಲಿ ದನದ ರಕ್ತ ಪರೀಕ್ಷಿಸುವವನ ಸಂಬಳ.